ಜೊಂಡು

ಕಾಗಿಣಾ ದಂಡ್ಯಾಗ ಜೊಂಡು ಕೊಯ್ಯಲು ಬಂದ
ಮೌಲಾಲಿ ಕುಡುಗೋಲು ಮಸೆದ.
"ನೀರಿಗಿ ಅಡ್ಡ ನಿಂತಾವ" ಅಂದ.

"ಅಡ್ಡ ಅಲ್ಲೋ" ಎಂದಳು ಜಗದೇವಿ,
ಒಗೆಯುವ ಶಹಾಬಾದ್ ಕಲ್ಲಿನಿಂದ ತಲೆ ಎತ್ತದೆ.
"ಓಡಿ ಬಂದ ನೀರು ಅಲ್ಲಿ ದಮ್ಮು ತಗೊಂಡು
ಹೊಟ್ಟ್ಯಾಗಿನ ಮಣ್ಣು ಇಳಸ್ತದ.
ಹಂಗಾಗೇ ನನ್ನ ಕಲ್ಲಿಗಿ ತಿಳಿ."

ಕೊಯ್ದ. ಕೂಲಿ ಎಣಿಸಿಕೊಂಡ.

ಮಿರಗದ ಎರಡನೆಯ ಮಳೆಗೆ
ಸೇಡಂ ಕಡೆಯ ಎರೆಹೊಲ ಕರಗಿ
ಎಲ್ಲೂ ನಿಲ್ಲದೆ ಹಾದುಹೋಯಿತು;
ದವಾಖಾನೆಯ ಬಿಳಿ ಚಾದರಗಳಿಗೆ
ಚಹಾದ ಬಣ್ಣ.
ಕೆಳಗೆ, ಅವನದೇ ಬದುವಿನ ಬುಡ ಕುಸಿದು
ಬೇವಿನ ಬೇರು ಗಾಳಿ ನೋಡಿತು.

ನೀರಿಳಿದ ಮೇಲೆ ಬಗ್ಗಿದ್ದಾನೆ ಮೌಲಾಲಿ:
ಕೂಳೆಯೊಳಗಿಂದ ಬೆರಳುದ್ದ ಹಸಿರು,
ಅದರ ಬೆನ್ನಿಗೆ
ಬೊಗಸೆಯಷ್ಟು ಹೊಸ ಮಣ್ಣು.

"ತುಳೀಬ್ಯಾಡ" ಎಂದಳು,
ಈಗಲೂ ತಲೆ ಎತ್ತದೆ.