ಹನ್ನೆರಡು ಅಡಿ ಗೋಡೆ

ಆರೋಗ್ಯ ಕೇಂದ್ರದ ಗೋಡೆ ಹನ್ನೆರಡು ಅಡಿ.
ಜಗಳೂರಿನಿಂದ ಬಂದ ಚೀಟಿಯಲ್ಲಿ ಎರಡೇ ಮಾತು:
ಬಾವಲಿ ಅಪಾಯ. ದೂರವಿರಿ.
ಅಡಿಗಿಷ್ಟು ಎಂದು ಕೂಲಿ. ಅಪಾಯಕ್ಕೆ ಕೆಂಪು ಬಳಿದೆ,
ಯಕಾರದ ಹೊಟ್ಟೆ ಬಲು ದುಂಡಗೆ ಬಂತು.
ಕೆಳಗೆ ಸಣ್ಣಗೆ: ಕಲೆ, ದಸ್ತಗೀರ್.

ಮೂರನೇ ದಿನ, ಉರಿಬಿಸಿಲಲ್ಲಿ,
ದೀಪಾವಳಿಗೆ ಉಳಿದಿದ್ದ ಸರಪಟಾಕಿ
ಕೆರೆ ಏರಿಯ ಆಲದ ಬುಡದಲ್ಲಿ ಸಿಡಿಯಿತು.
ಬಾನ ತುಂಬ ಹರಿದ ಕೊಡೆಗಳು,
ಎಲ್ಲಿ ಇಳಿಯಬೇಕೆಂದು ತಿಳಿಯದೆ
ನೀರ ಟ್ಯಾಂಕಿಗೆ, ಶಾಲೆಯ ಹಿಂದಿನ ಬೇವಿಗೆ,
ಪಾಪಯ್ಯನ ಸೀಬೆಗಿಡಕ್ಕೆ.
ದೂರವೇ ಇದ್ದವನ್ನು
ನಾವೇ ಅಟ್ಟಿ ಮನೆಬಾಗಿಲಿಗೆ ತಂದೆವು.

ಒಂದು ಮರಿ ಬಿತ್ತು. ಕಾಟಯ್ಯನ ಮೊಮ್ಮಗ
ಬರಿಗೈಲಿ ಎತ್ತಿಕೊಂಡು ಬಂದ:
"ಮಾಮ, ನೀನು ಬರೆದಿದ್ದು ಇದನ್ನೇನಾ?"
ನಾಯಿಮರಿಯ ಮುಖ. ಒದ್ದೆ ಕಣ್ಣು.

ನರ್ಸ್ ಸಿದ್ದಗಂಗಮ್ಮ ಸೋಪು ಹಾಕಿ
ಹುಡುಗನ ಬೆರಳು ಬೆರಳೂ ತೊಳೆದಳು, ಗೀರು ಹುಡುಕಿದಳು,
ನಾಳೆ ದೊಡ್ಡಾಸ್ಪತ್ರೆಗೆ ಹೋಗೋಣ ಎಂದಳು.
ಅವನನ್ನು ಬಯ್ಯಲಿಲ್ಲ. ಬೈದದ್ದು ನನ್ನನ್ನು:
"ಹೆದರಿಸೋಕೆ ಅಲ್ಲ ಕಣಪ್ಪ, ಹೇಳೋಕೆ ಕರೆಸಿದ್ದು.
ಈ ಊರಲ್ಲಿ ಆ ಕಾಯಿಲೆ ಯಾರಿಗೂ ಬಂದಿಲ್ಲ.
ಬಾರದಿರಲಿ ಅಂತ ಒಂದು ಮಾತು, ಅಷ್ಟೇ."

ಸುಣ್ಣ ಎರಡು ಕೋಟು. ಕೆಂಪು ಒಳಗಿನಿಂದ
ಇಣುಕುತ್ತಲೇ ಇತ್ತು. ಮೂರನೆಯದನ್ನೂ ಬಳಿದೆ.
ಗೋಡೆ ಅಷ್ಟೇ ಇದೆ, ಮಾತು ಬೆಳೆದಿದೆ,
ಅಕ್ಷರ ಕುಗ್ಗಿಸಿದೆ:

ಕಚ್ಚಿದ ಹಣ್ಣು ತಿನ್ನಬೇಡಿ.
ಈಚಲ ಮಡಕೆಯ ಬಾಯಿ ಮುಚ್ಚಿ.
(ಅಂಥ ಮಡಕೆಯೇ ನಮ್ಮೂರಲ್ಲಿಲ್ಲ ಎಂದರು ಪಂಚಾಯ್ತಿಯವರು.
ಪಾಪಯ್ಯ ಎರಡು ಸಲ ಓದಿಕೊಂಡು ಹೋದ.)
ಬಿದ್ದ ಬಾವಲಿ ಮುಟ್ಟಬೇಡಿ, ನಮಗೆ ತಿಳಿಸಿ.
ಮಲಗಿದ್ದನ್ನು ಎಬ್ಬಿಸಬೇಡಿ.

ಮುಗಿಯಿತು ಅನ್ನುವಾಗ ಓಬಜ್ಜಿ, ಬುಟ್ಟಿ ಸೊಂಟದಲ್ಲಿ:
"ಮರದಡಿ ಇಪ್ಪೆಬೀಜ ಆಯೋಳು ನಾನು.
ಹಣ್ಣು ಅವು ತಿಂತಾವೆ, ಬೀಜ ನನಗೆ ಉಗೀತಾವೆ,
ಎಣ್ಣೆ ನಂದು. ನನಗೇನು ಬರೆದೆ?"

ಗೋಡೆಯಲ್ಲಿ ಉಳಿದಿದ್ದು ಒಂದು ಗೇಣು,
ನನ್ನ ಹೆಸರಿನ ಜಾಗ.
ಹೆಸರು ಬಿಟ್ಟು ಅಲ್ಲಿ ಬರೆದೆ:
ಆಯ್ದ ಮೇಲೆ ಕೈ ತೊಳಿ, ಅಜ್ಜಿ.

ಅವಳಿಗೆ ಓದು ಬಾರದು. ಓದಿ ಹೇಳಿದೆ.
ಕೇಳಿಸಿಕೊಂಡು ಏರಿಯ ಕಡೆ ತಿರುಗಿದಳು,
"ಅರ್ಧದಷ್ಟೇ ವಾಪಸ್ ಬಂದಾವೆ" ಅಂದಳು,
"ಇನ್ನೊಂದು ಸಲ ಓದು."