ಪಿಳ್ಳಪ್ಪ ದಸ್ತಗೀರ್ ಅಂಡ್ ಕೋ

ನಮ್ಮ ಅಂಗಡಿಗೆ ದಾರಿ ಹೇಳುವುದು ಕಷ್ಟ.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬೆನ್ನು ಮಾಡಿ ನಿಂತು
ಬೆಂದ ಹುಳದ ವಾಸನೆ ಜಾಸ್ತಿಯಾಗುವ ಕಡೆಗೆ ನಡೆಯಿರಿ.
ಮುಚ್ಚಿದ ಬಾವಿ ಸಿಗುತ್ತದೆ,
ಮೇಲೆ ಟ್ರಾನ್ಸ್‌ಫಾರ್ಮರ್ ನಿಲ್ಲಿಸಿದ್ದಾರೆ,
ಬಾವಿ ಅಂತ ಕೇಳಿದರೆ ಹೊಸಬರಿಗೆ ಗೊತ್ತಿಲ್ಲ.
ಅಲ್ಲಿಂದ ಎಡಕ್ಕೆ, ಎರಡು ಸೈಕಲ್ಲು ಎದುರಾದರೆ
ಒಬ್ಬರು ಇಳಿಯಲೇಬೇಕಾದ ಸಂದಿ.

ಇಷ್ಟು ಹೇಳಿದರೂ ಅರ್ಧ ಜನ
ಮಸೀದಿ ಹಿಂದೆ ಹೋಗಿ ಫೋನ್ ಮಾಡುತ್ತಾರೆ.
ಗ್ರೀಸ್ ಕೈಯಲ್ಲೇ ನಾನು ಸಂದಿಯ ಬಾಯಿಗೆ ಬಂದು
ಸೆರಗು ಬೀಸುತ್ತೇನೆ, ರೈಲು ನಿಲ್ಲಿಸುವವಳ ಹಾಗೆ.

ಮಾರುವುದು ನೂಲು ಬಿಚ್ಚುವ ಯಂತ್ರದ ಬಿಡಿಭಾಗ.
ಅಂಗಿ ಗುಂಡಿಯಷ್ಟು ಪಿಂಗಾಣಿ,
ನಡುವೆ ಕೂದಲು ತೂರುವಷ್ಟು ತೂತು.
ಹಲ್ಲಿನ ಚಕ್ರ, ಬೆಲ್ಟು, ವಾಷರು.
ಬೇಡದವನಿಗೆ ಇದೆಲ್ಲ ಗುಜರಿ.
ಬೇಕಾದವನಿಗೆ ಬೇಕಾಗುವುದು ರಾತ್ರಿ ಹನ್ನೊಂದಕ್ಕೆ:
ದುಡ್ಡು ಸುರಿದು ಗೂಡು ತಂದಾಗಿದೆ,
ಇನ್ನೆರಡು ದಿನ ಬಿಟ್ಟರೆ ಚಿಟ್ಟೆ ಕೊರೆದುಕೊಂಡು ಹೊರಡುತ್ತದೆ,
ಯಂತ್ರ ನಿಂತಿದೆ.
ಆ ಹೊತ್ತಿಗೆ ನಮ್ಮ ಶಟರು ಯಾರ ಮಾತೂ ಕೇಳದು.

ಸಮ್ರೀನ್ ಲ್ಯಾಪ್‌ಟಾಪು ತಂದು ಗಲ್ಲಾಪೆಟ್ಟಿಗೆ ಮೇಲೆ ಇಟ್ಟಳು.
ಚಿಂತಾಮಣಿಯ ಕಡಲೆಕಾಯಿ ಮಿಲ್ಲಿಗೂ ಒಂದು ಮಾಡಿಕೊಟ್ಟಿದ್ದಾಳಂತೆ.
"ವೆಬ್‌ಸೈಟು ಅಂದ್ರೆ ಬೀಗ ಹಾಕದ ಅಂಗಡಿ ತಾತ."
ಮಾವ ಕನ್ನಡಕ ಸರಿಮಾಡಿಕೊಂಡರು.
"ಬೀಗ ಹಾಕದಿದ್ರೆ ಕಳ್ಳರು?"

ಶುರುವಾದ ವರ್ಷ ಕೇಳಿದಳು.
"ಗೌಡನಕೆರೆ ಕೋಡಿ ಬಿದ್ದ ವರ್ಷ."
"ಯಾವ ಸಲ?"
"ಎರಡನೇ ಸಲ."
ಅವಳು ಕೊಂಚ ಯೋಚಿಸಿ ಏನೋ ನಾಲ್ಕು ಅಂಕಿ ಒತ್ತಿದಳು.

ಆಮೇಲೆ ಹೆಸರು.

ಬೋರ್ಡಿನಲ್ಲಿ ಎರಡು ಹೆಸರಿವೆ.
ಇಳಿಬಿಸಿಲು ಬೀಳುವ ಕಡೆಯದು ಮಾಸಿದೆ.
ಹನ್ನೊಂದು ಸಾವಿರದ ಒಂದು ಲೆಕ್ಕ ಕೂಡದೆ
ದಸ್ತಗೀರ್ ಸಾಬರು ಲೇತು ಹೊತ್ತುಕೊಂಡು ಹೋಗಿ
ಇಪ್ಪತ್ತೆರಡು ವರ್ಷ.
ಈಗಲೂ ಇಬ್ಬರಿಗೂ ಟೀ ಒಂದೇ ಹೋಟೆಲಿನಲ್ಲಿ,
ಬೆನ್ನಿಗೆ ಬೆನ್ನು ಹಾಕಿ.
ಸಮ್ರೀನ್ ಅವರ ಮೊಮ್ಮಗಳು.
ಮೂವರಿಗೂ ಗೊತ್ತಿದ್ದದ್ದನ್ನು ಯಾರೂ ಆಡಲಿಲ್ಲ.
ಬೆಲ್ಟಿನ ರಾಶಿ ಮೇಲಿದ್ದ ಬೆಕ್ಕು ಎದ್ದು ಮೈ ಮುರಿಯಿತು.

"ಬೋರ್ಡಲ್ಲಿ ಇದ್ದ ಹಾಗೇ ಹಾಕಮ್ಮ," ಅಂದರು ಮಾವ.
"ಆ ಹೆಸರು ಹುಡುಕೋ ಗಿರಾಕಿ ಬೇರೆ ಕಡೆ ಯಾಕೆ ಹೋಗ್ಬೇಕು?
ವ್ಯಾಪಾರ ನೋಡ್ಕೋಬೇಕು."

"ವಿಳಾಸದಲ್ಲಿ ನಡುವೆ ಜಾಗ ಬಿಡೋ ಹಾಗಿಲ್ಲ ತಾತ.
ಎರಡೂ ಹೆಸರು ಅಂಟಿಸಿಯೇ ಬರೀಬೇಕು."
ಮಾವ ರಸ್ತೆ ನೋಡಿದರು.
"ಕಂಪ್ಯೂಟರಿನ ಕಾಯ್ದೆ ಅಂದ್ರೆ ನಾವೇನು ಮಾಡಕ್ಕಾಗುತ್ತೆ."

ನಾಲ್ಕು ಸಾವಿರ ಕೊಟ್ಟೆ. ಎರಡು ಸಲ ಎಣಿಸಿಕೊಂಡಳು.
ತಾತನ ಬುದ್ಧಿ.

ಎರಡು ತಿಂಗಳು ಏನೂ ಇಲ್ಲ.
ಯಾರೋ ಪ್ಯಾಂಟಿನ ಜಿಪ್ಪು ಸಿಗುತ್ತಾ ಅಂತ ಕೇಳಿದರು.
ಮೂರನೇ ತಿಂಗಳು, ರಾತ್ರಿ ಒಂದೂವರೆ,
ಮಾಲ್ದಾದಿಂದ ಒಬ್ಬ, ನನ್ನ ಹಿಂದಿಗಿಂತ ಕೆಟ್ಟ ಹಿಂದಿಯಲ್ಲಿ:
ನಾಲ್ಕನೇ ಸಾಲಿನ ಎರಡನೇ ಫೋಟೋ, ಅರವತ್ತು ಬೇಕು.
ಗುಂಡಿಗಳನ್ನು ಹಳೇ ಸೀರೆಯ ತುಂಡಲ್ಲಿ ಸುತ್ತಿ ಕಳಿಸಿದೆ.
ಅವನಿಗೆ ನಾನು ಬಾವಿ, ಸಂದಿ, ಮಸೀದಿ
ಒಂದನ್ನೂ ಹೇಳಬೇಕಾಗಲಿಲ್ಲ.
ಆಮೇಲೆ ಧರ್ಮಪುರಿ. ಆಮೇಲೆ ಹಿಂದೂಪುರದ ಇಬ್ಬರು ಅಣ್ಣತಮ್ಮಂದಿರು,
ಬೇರೆ ಬೇರೆ ಫೋನಿಂದ, ಒಂದೇ ಸಾಮಾನಿಗೆ.
ಶಟರಿಗೆ ಬಣ್ಣ ಆಯಿತು. ಬೋರ್ಡಿಗೂ ಅಂದೆ.
"ಅದು ಇರಲಿ ಬಿಡು," ಅಂದರು ಮಾವ.

ಮೊನ್ನೆ ರಾಮನಗರದಿಂದ ಫೋನು,
"ದಸ್ತಗೀರ್ ಸಾಬರಿದ್ದಾರಾ?"
ನಾನು ಬಾಯಿ ತೆರೆಯುವಷ್ಟರಲ್ಲಿ
ಮಾವ ಕೈಯಿಂದ ಕಿತ್ತುಕೊಂಡರು.
ಗಡಿಯಾರ ನೋಡಿದರು. ನಾಲ್ಕೂ ಹತ್ತು.

"ಟೀ ಕುಡಿಯೋಕೆ ಹೋಗಿದ್ದಾರೆ.
ಏನು ಬೇಕಿತ್ತು, ನಂಗೆ ಹೇಳಿ."