ಮುಳ್ಳು ನಿಲ್ಲುವವರೆಗೆ

ಕಾಕಂಬಿಯ ವಾಸನೆ ಮೂಗಿಗೆ ಬಡಿದರೆ
ನನಗೆ ಇವತ್ತಿಗೂ ನಿದ್ದೆ ಬರುತ್ತದೆ.
ಮಂಡ್ಯದಾಚೆ, ಕಾರ್ಖಾನೆಯ ತೂಕದ ಮನೆಯಲ್ಲಿ
ಮೇಜಿನ ಕೆಳಗೆ ಗೋಣಿತಾಟು ಹಾಸಿ
ಅವ್ವ ನನ್ನನ್ನು ಮಲಗಿಸುತ್ತಿದ್ದಳು,
ಕಬ್ಬು ಅರೆಯುವ ತಿಂಗಳುಗಳ ರಾತ್ರಿ ಪಾಳಿಯಲ್ಲಿ.
ತಲೆಯ ಮೇಲೆ ಅವಳ ಪೆನ್ನಿನ ಸದ್ದು,
ಹೊರಗೆ ಗಾಡಿಗಳ ಸಾಲು, ಬೀಡಿಯ ಕಿಡಿ,
ಚಳಿಗೆ ಯಾರದೋ ಕೆಮ್ಮು.

ಅದಕ್ಕೂ ಮೊದಲು, ಅದೇ ಅಂಗಳದಲ್ಲಿ
ಉದುರಿದ ಸೋಗೆ ಗುಡಿಸುತ್ತಿದ್ದವಳು,
ದಿನಗೂಲಿ ನಿಂಗಾಜಮ್ಮ.
ಗಾಡಿಯ ಹಲಗೆಗೆ ಸೀಮೆಸುಣ್ಣದಲ್ಲಿ ಬರೆದ ಅಂಕಿಗಳನ್ನು
ಗುಡಿಸುತ್ತ ಗುಡಿಸುತ್ತ ಕೂಡುತ್ತಿದ್ದಳಂತೆ.
ಒಂದು ಸಂಜೆ ಗುಮಾಸ್ತ ಸಿದ್ದವೀರಪ್ಪನವರಿಗೆ
"ಸಾಮಿ, ಹನ್ನೊಂದ್ನೇ ಗಾಡೀಲಿ ಒಂದು ಕ್ವಿಂಟಾಲು ಬುಟ್ಟೋಗೈತೆ" ಅಂದಳು,
ಪೊರಕೆ ಕೆಳಗಿಡದೆ.
ಅವರು ಬೈಯಲಿಲ್ಲ. ಮತ್ತೆ ಕೂಡಿದರು.
ಮಾರನೇ ದಿನ ಒಂದು ಹಳೆಯ ಲೆಕ್ಕದ ಪುಸ್ತಕ ತಂದುಕೊಟ್ಟರು,
ಆಮೇಲೊಂದು ಸ್ಟೂಲು.

ಕಾಯಂ ಆಗಲು ಎಸ್ಸೆಸ್ಸೆಲ್ಸಿ ಬೇಕಿತ್ತು.
ಮೂರು ಸಲ ಕೂತಳು.
ಲೆಕ್ಕದಲ್ಲಿ ಎಂಬತ್ತೊಂಬತ್ತು, ಇಂಗ್ಲಿಷಿನಲ್ಲಿ ಇಪ್ಪತ್ತೊಂದು.
ಮೂರನೆಯ ಸಲ ನಾನು ಐದನೇ ಕ್ಲಾಸು,
ಎಬಿಸಿಡಿಯ ಹೊಸ ಜಂಬ.
ಒಲೆಯ ಮುಂದೆ ಸ್ಪೆಲಿಂಗು ಕೇಳುತ್ತಿದ್ದೆ,
ತಪ್ಪಿದರೆ ಮುದ್ದೆ ತೊಳಸುವ ಕೋಲು ತೋರಿಸುತ್ತಿದ್ದೆ.
ಅವಳು ನಿಜವಾಗಿಯೂ ಹೆದರಿದ್ದಳೆಂದು
ಬಹಳ ವರ್ಷದ ಮೇಲೆ ತಿಳಿಯಿತು.
ಕೋಲಿಗಲ್ಲ.

ಬೇರೆಯವರು ಮುಳ್ಳು ತೂಗಾಡುವಾಗಲೇ ಬರೆದುಬಿಡುತ್ತಿದ್ದರು.
ಅವ್ವ ಕಾಯುತ್ತಿದ್ದಳು.
ಎತ್ತು ಉಸಿರೆಳೆದರೂ ಅಲುಗುವ ಮುಳ್ಳು ಅದು.
"ಬೇಗ ಬರಿಯಮ್ಮಿ, ಬೆಳಕರೀತದೆ" ಎಂದು ಹಿಂದಿನವರು ಕೂಗಿದರೆ
ಎತ್ತಿನ ಕಡೆ ನೋಡಿ
"ಅದು ಸುಧಾರಿಸ್ಕಳ್ಳಿ" ಅನ್ನುತ್ತಿದ್ದಳು.

ಗುತ್ತಿಗೆದಾರನೊಬ್ಬ ಕಿಟಕಿಯಲ್ಲಿ ಲಕೋಟೆ ತೂರಿಸಿದ.
ಅವಳು ಎದ್ದುಹೋಗಿ ಅದನ್ನು ಅವನ ಗಾಡಿಯ ಮೇಲೆಯೇ ಇಟ್ಟಳು.
"ಇದೂ ತೂಗ್ಲಿ."
ಮುಳ್ಳು ಅಲುಗಲಿಲ್ಲ.
"ನೋಡಪ್ಪ, ಇದಕ್ಕೆ ತೂಕವೇ ಇಲ್ಲ."

ತಾತನ ಗಾಡಿ ಬಂದಾಗಲೂ ಸೋಗೆಗೆ, ಕಟ್ಟಿಗೆ
ಎಲ್ಲರಿಗೆ ಎಷ್ಟೋ ಅಷ್ಟೇ ಕಳೆದಳು.
ತಾತ ಮಾರ್ಲಾಮಿ ಹಬ್ಬದವರೆಗೆ ಮಾತು ಬಿಟ್ಟ.
ಹಬ್ಬದ ದಿನ ಎಡೆಯ ಮುಂದೆ ಕೂತು, ಯಾರಿಗೋ ಹೇಳುವಂತೆ,
"ನನ್ ಮಗಳ ಚೀಟಿ ಅಂದ್ರೆ ಚೀಟಿ" ಅಂದ.
ಅವ್ವ ಒಳಗೆ ಹೋಗಿ ಸಾರಿಗೆ ಎರಡನೇ ಸಲ ಉಪ್ಪು ಹಾಕಿದಳು.
ಆ ಸಾರನ್ನು ಎಲ್ಲರೂ ಸುಮ್ಮನೆ ಉಂಡೆವು.

ಅವಳ ನಲವತ್ತೇಳಕ್ಕೆ ಮುಳ್ಳು ಹೋಗಿ ಕೆಂಪು ಅಂಕಿ ಬಂತು.
ಮೌಸನ್ನು ಮೂರು ವಾರ ಇಡೀ ಅಂಗೈಯಲ್ಲಿ ಹಿಡಿದಳು,
ಕೋಳಿಮರಿ ಹಿಡಿದಂತೆ.
ಕಲಿತಳು. ಕಲಿಸಿದಳು.
ಕೊನೆಕೊನೆಗೆ ಕೈಕೆಳಗೆ ನಾಲ್ವರು ಹುಡುಗರು;
ಅವರು "ಮೇಡಂ" ಎಂದಾಗಲೆಲ್ಲ
ಹಿಂದೆ ಯಾರಿದ್ದಾರೆಂದು ತಿರುಗಿ ನೋಡುತ್ತಿದ್ದಳು.

ನಾನೀಗ ಕೊಳ್ಳೇಗಾಲದಲ್ಲಿ ವಿಜ್ಞಾನದ ಮೇಷ್ಟ್ರು.
ದ್ರವ್ಯರಾಶಿ ಬೇರೆ, ತೂಕ ಬೇರೆ ಎಂದು ಪಾಠ ಮಾಡುತ್ತೇನೆ;
ಚಂದ್ರನ ಮೇಲೆ ತೂಕ ಆರನೇ ಒಂದು ಭಾಗ.
ಅವ್ವನಿಗೂ ಹೇಳಿದೆ.
ತುಸು ಹೊತ್ತು ಯೋಚಿಸಿ,
"ಅಲ್ಲಿ ಕಬ್ಬು ಬೆಳೆದೋನು ಕೆಟ್ಟ" ಅಂದಳು.

ಅವಳನ್ನು ಹೊಗಳಲು ಹೊರಟಾಗಲೆಲ್ಲ
ನನ್ನ ಮಾತುಗಳು ಆ ಲಕೋಟೆಯಂತೆ ಆಗುತ್ತವೆ.

ಮೊನ್ನೆ ರಜೆಗೆ ಹೋಗಿದ್ದೆ.
ಬಸ್ಸಿಳಿದೊಡನೆ ಕೈಯಿಂದ ಬ್ಯಾಗು ಕಸಿದುಕೊಂಡಳು.
ಒಂದು ಬೆರಳಿಗೆ ತೂಗುಹಾಕಿ
ಅದರ ಓಲಾಟ ನಿಲ್ಲುವವರೆಗೆ ಕಾದಳು.
"ನಾಲ್ಕೂವರೆ ಕೇಜಿ.
ಎರಡೇ ದಿನಕ್ಕಾ ಬಂದಿರಾದು?"